ದಿನನಿತ್ಯದ ಓಡಾಟಕ್ಕೆ ಮೋಟಾರ್ ಸೈಕಲ್: ಬೆಲೆಪಟ್ಟಿಯಲ್ಲಿ ಕಾಣದ ಲೆಕ್ಕ

ಲೇತ್ ಯಂತ್ರವೊಂದನ್ನು ಕೊಳ್ಳುವ ಮುನ್ನ ಸಣ್ಣ ಕಾರ್ಖಾನೆಯ ಮಾಲೀಕರು ಹತ್ತಾರು ಪ್ರಶ್ನೆಗಳನ್ನು ಕೇಳುತ್ತಾರೆ. ಅದು ತಾಸಿಗೆ ಎಷ್ಟು ಕೆಲಸ ಮಾಡುತ್ತದೆ, ಎಷ್ಟು ವಿದ್ಯುತ್ ಬೇಡುತ್ತದೆ, ಕೆಟ್ಟರೆ ದುರಸ್ತಿ ಮಾಡುವವರು ಊರಿನಲ್ಲಿದ್ದಾರೆಯೇ, ಮುಂದೆ ಮಾರಿದರೆ ಏನು ಬರುತ್ತದೆ ಎಂದೆಲ್ಲ ವಿಚಾರಿಸಿದ ಮೇಲೆಯೇ ಮುಂಗಡ ಕೊಡುತ್ತಾರೆ. ಅದೇ ಮಾಲೀಕರು, ಪ್ರತಿದಿನ ಆ ಯಂತ್ರದ ಬಳಿಗೆ ತಮ್ಮನ್ನು ಮುಟ್ಟಿಸುವ ಮೋಟಾರ್ ಸೈಕಲನ್ನು ಮಾತ್ರ ನೆರೆಯವರ ಮಾತನ್ನೋ ಜಾಹೀರಾತಿನ ಮೈಲೇಜನ್ನೋ ಹಬ್ಬದ ರಿಯಾಯಿತಿಯನ್ನೋ ನಂಬಿ ಅರ್ಧ ದಿನದಲ್ಲಿ ಕೊಂಡುಬಿಡುವುದುಂಟು. ವಾಸ್ತವದಲ್ಲಿ ವ್ಯಾಪಾರಿಯ ಮೋಟಾರ್ ಸೈಕಲ್ ಕೂಡ ಒಂದು ಯಂತ್ರವೇ. ಅದನ್ನೂ ಯಂತ್ರವನ್ನು ಕೊಳ್ಳುವ ರೀತಿಯಲ್ಲಿಯೇ ಕೊಳ್ಳುವುದು ಲೇಸು.

ಐದು ವರ್ಷಗಳ ಲೆಕ್ಕ

ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕಾರ್ಖಾನೆ ಹೊಂದಿರುವ ಒಬ್ಬ ಉದ್ಯಮಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹೋಗಿ ಬರಲು ದಿನಕ್ಕೆ ಸುಮಾರು 40 ಕಿಲೋಮೀಟರ್. ವರ್ಷಕ್ಕೆ 300 ದಿನ ಓಡಾಟವೆಂದರೆ 12,000 ಕಿಲೋಮೀಟರ್. ಐದು ವರ್ಷಗಳಲ್ಲಿ 60,000. ಲೆಕ್ಕದ ಅನುಕೂಲಕ್ಕಾಗಿ ರಸ್ತೆಗಿಳಿಯುವಾಗ ವಾಹನದ ಒಟ್ಟು ಬೆಲೆ 95,000 ರೂಪಾಯಿ, ಐದು ವರ್ಷಗಳ ನಂತರದ ಮಾರಾಟ ಬೆಲೆ 45,000, ಪೆಟ್ರೋಲ್ ಲೀಟರಿಗೆ 100, ಇಂಧನ ಕ್ಷಮತೆ ಲೀಟರಿಗೆ 60 ಕಿಲೋಮೀಟರ್, ಸರ್ವೀಸ್, ಟೈರ್, ಚೈನ್ ಮತ್ತು ವಿಮೆಯ ನವೀಕರಣಕ್ಕೆ ವರ್ಷಕ್ಕೆ 8,000 ಎಂದು ಇಟ್ಟುಕೊಂಡರೆ, ಬೆಲೆಯಲ್ಲಿ ಕರಗುವುದು 50,000, ಪೆಟ್ರೋಲಿಗೆ 1,00,000, ನಿರ್ವಹಣೆಗೆ 40,000. ಒಟ್ಟು 1,90,000 ರೂಪಾಯಿ. ಅಂದರೆ ಕಿಲೋಮೀಟರಿಗೆ ಸುಮಾರು 3 ರೂಪಾಯಿ 17 ಪೈಸೆ.

ಈ ಅಂಕಿಗಳ ಸ್ಥಾನದಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಿಗಳನ್ನಿಟ್ಟು ನೋಡಬಹುದು. ಆದರೆ ಶೋರೂಮಿನಲ್ಲಿ ಎರಡು ಮಾದರಿಗಳ ನಡುವೆ ಕಾಣುವ ಮೂರು-ನಾಲ್ಕು ಸಾವಿರದ ವ್ಯತ್ಯಾಸವು ಐದು ವರ್ಷಗಳ ಖರ್ಚಿನಲ್ಲಿ ಬಹಳ ಸಣ್ಣ ಪಾಲು ಎಂಬ ಮಾತು ಹೆಚ್ಚು ಬದಲಾಗುವುದಿಲ್ಲ.

ಮೈಲೇಜಿನ ಮಿತಿ

ಮೈಲೇಜ್ ಮುಖ್ಯವಲ್ಲವೆಂದು ಯಾರೂ ಹೇಳಲಾರರು. ಲೀಟರಿಗೆ 60 ಕಿಲೋಮೀಟರ್ ಓಡುವ 100 ಸಿ.ಸಿ. ವಾಹನದ ಬದಲು 45 ಓಡುವ ದೊಡ್ಡ ಎಂಜಿನ್ನಿನ ವಾಹನವನ್ನು ಕೊಂಡರೆ ಮೇಲಿನ ಉದ್ಯಮಿಗೆ ಐದು ವರ್ಷಗಳಲ್ಲಿ 33,000 ರೂಪಾಯಿಗೂ ಮಿಕ್ಕಿ ಹೆಚ್ಚುವರಿ ಪೆಟ್ರೋಲ್ ಬೇಕಾಗುತ್ತದೆ. ಆದುದರಿಂದ ಒಬ್ಬರೇ ಊರೊಳಗೆ ಓಡಾಡುವುದಾದರೆ 100 ಸಿ.ಸಿ. ವರ್ಗವೂ, ಹೆದ್ದಾರಿಯಲ್ಲಿ ಹೆಚ್ಚು ದೂರ ಅಥವಾ ಇಬ್ಬರು ಕೂಡಿ ಹೋಗುವುದಾದರೆ 125 ಸಿ.ಸಿ. ವರ್ಗವೂ ಸೂಕ್ತವೆನ್ನಬಹುದು.

ಆದರೆ ಒಂದೇ ವರ್ಗದೊಳಗೆ 60 ಮತ್ತು 65ರ ನಡುವಿನ ಲೆಕ್ಕವೇ ಬೇರೆ. 12,000 ಕಿಲೋಮೀಟರಿಗೆ ಅದರಿಂದಾಗುವ ಉಳಿತಾಯ ವರ್ಷಕ್ಕೆ ಸುಮಾರು 1,540 ರೂಪಾಯಿ. ತಿಂಗಳಿಗೆ 130ಕ್ಕಿಂತ ಕಡಿಮೆ. ಇದಕ್ಕೆ ಎದುರಾಗಿ, ಕಾರ್ಖಾನೆಯ ಬೀಗದ ಕೈ ಮಾಲೀಕರ ಜೇಬಿನಲ್ಲಿದ್ದು, ಅವರು ನವನಗರದ ಬಳಿ ಕೆಟ್ಟ ವಾಹನದೊಂದಿಗೆ ನಿಂತಿದ್ದರೆ, ಅತ್ತ ನಾಲ್ವರು ಕೆಲಸಗಾರರು ಬಾಗಿಲಿನಲ್ಲಿ ಕಾಯುತ್ತಾರೆ. ಅಂಥ ಒಂದು ಮುಂಜಾನೆಯ ಕೂಲಿ, ತಪ್ಪಿದ ರವಾನೆ ಮತ್ತು ಗಿರಾಕಿಯ ಅಸಮಾಧಾನ ಸೇರಿದರೆ ವರ್ಷವಿಡೀ ಉಳಿಸಿದ ಪೆಟ್ರೋಲಿನ ಹಣ ಅಲ್ಲಿಗೇ ಮುಗಿಯುತ್ತದೆ. ಲೀಟರಿಗೆ ಐದು ಕಿಲೋಮೀಟರ್ ಹೆಚ್ಚು ಓಡುವ ವಾಹನಕ್ಕಿಂತ, ವರ್ಷಕ್ಕೆ ಒಂದು ದಿನ ಕಡಿಮೆ ನಿಲ್ಲುವ ವಾಹನ ವ್ಯಾಪಾರಿಗೆ ಅಗ್ಗ.

ನಂಬಿಕೆಯ ಮೂಲ

ವಾಹನದ ವಿಶ್ವಾಸಾರ್ಹತೆ ಕೇವಲ ಎಂಜಿನ್ನಿನಲ್ಲಿಲ್ಲ. ಬಿಡಿಭಾಗದ ಅಂಗಡಿಯಲ್ಲಿಯೂ ಮೆಕ್ಯಾನಿಕ್‌ನ ಕೈಯಲ್ಲಿಯೂ ಇದೆ. 1985ರಲ್ಲಿ ಹೀರೋ ಹೋಂಡಾ ಸಂಸ್ಥೆಯ ಸಿ.ಡಿ. 100 ಬಂದಾಗ ನಾಲ್ಕು ಸ್ಟ್ರೋಕ್ ಎಂಜಿನ್ನಿನ ಮಿತವ್ಯಯ ಸಾಮಾನ್ಯರಿಗೆ ಪರಿಚಯವಾಯಿತು. 1994ರಲ್ಲಿ ಬಂದ ಸ್ಪ್ಲೆಂಡರ್ ಅದೇ ದಾರಿಯಲ್ಲಿ ಮುಂದುವರಿಯಿತು. 2010ರ ಕೊನೆಯಲ್ಲಿ ಎರಡೂ ಸಂಸ್ಥೆಗಳು ಬೇರೆಯಾಗಲು ನಿರ್ಧರಿಸಿದ ನಂತರವೂ ಆ ಹೆಸರು ಮಾರುಕಟ್ಟೆಯಲ್ಲಿ ಉಳಿಯಿತು. ಮೂಲ ವಿನ್ಯಾಸ ದಶಕಗಳ ಕಾಲ ಹೆಚ್ಚು ಬದಲಾಗದಿದ್ದುದರಿಂದ ಅದರ ಬಿಡಿಭಾಗ ಹಳ್ಳಿಯ ಅಂಗಡಿಗೂ ತಲುಪಿದೆ. ಇದಕ್ಕೆ ವಿರುದ್ಧವಾದ ಪಾಠವೂ ನಾಡಿನಲ್ಲಿಯೇ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತ ಮೇಲೆ, ಗಟ್ಟಿಮುಟ್ಟಾದ ಹಳೆಯ ಯೆಜ್ಡಿ ಕೂಡ ಕ್ರಮೇಣ ಅಭಿಮಾನಿಗಳ ಪ್ರೀತಿಯ ವಸ್ತುವಾಯಿತೇ ಹೊರತು ದಿನದ ದುಡಿಮೆಯ ವಾಹನವಾಗಿ ಉಳಿಯಲಿಲ್ಲ.

ಹೀಗಾಗಿ ಶೋರೂಮಿಗಿಂತ ಮೊದಲು ಬಿಡಿಭಾಗದ ಅಂಗಡಿಗೆ ಹೋಗುವುದು ಜಾಣತನ. ಕ್ಲಚ್ ಪ್ಲೇಟ್, ಚೈನ್ ಸೆಟ್, ಬ್ರೇಕ್ ಶೂ, ಹೆಡ್‌ಲೈಟ್ ಇವುಗಳ ಬೆಲೆ ಎಷ್ಟು, ಸಿದ್ಧವಾಗಿ ದೊರೆಯುತ್ತವೆಯೇ ಎಂದು ಕೇಳಬೇಕು. ಮನೆ ಮತ್ತು ಕಾರ್ಖಾನೆಯ ನಡುವಿನ ದಾರಿಯಲ್ಲಿ ಆ ವಾಹನವನ್ನು ಬಲ್ಲ ಮೆಕ್ಯಾನಿಕ್ ಇದ್ದಾರೆಯೇ ಎಂದೂ ತಿಳಿಯಬೇಕು. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ನಂತರ ಬಹುತೇಕ ವಾಹನಗಳಲ್ಲಿ ಕಾರ್ಬುರೇಟರಿನ ಸ್ಥಾನಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಅದರ ದೋಷವನ್ನು ಪತ್ತೆ ಹಚ್ಚುವ ಉಪಕರಣ ಎಲ್ಲ ಮೆಕ್ಯಾನಿಕ್‌ಗಳ ಬಳಿ ಇರುವುದಿಲ್ಲವಾದ್ದರಿಂದ ಅಧಿಕೃತ ಸರ್ವೀಸ್ ಕೇಂದ್ರದ ದೂರವೂ ಲೆಕ್ಕಕ್ಕೆ ಬರುತ್ತದೆ. ಇಂಥ ವಾಹನಗಳಲ್ಲಿ ಪೆಟ್ರೋಲ್ ಪಂಪು ಟ್ಯಾಂಕಿನ ಒಳಗಿದ್ದು ಪೆಟ್ರೋಲಿನಿಂದಲೇ ತಂಪಾಗುವುದರಿಂದ, ಸದಾ ತಳ ಮುಟ್ಟುವವರೆಗೆ ಓಡಿಸುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು.

ಹಳೆಯ ವಾಹನ ಕೊಳ್ಳುವವರು ಮತ್ತೊಂದು ಅಂಶವನ್ನು ಗಮನಿಸಬೇಕು. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಹೊಂದುವ ಬಿಡಿಭಾಗಗಳು 2023ರ ಏಪ್ರಿಲ್‌ನಿಂದ ತಯಾರಾದ ವಾಹನಗಳಲ್ಲಿವೆ. ಅದಕ್ಕೂ ಹಿಂದಿನ ವಾಹನವಾದರೆ ರಬ್ಬರ್ ಪೈಪ್ ಮತ್ತು ಸೀಲುಗಳನ್ನು ಮೊದಲೇ ಪರೀಕ್ಷಿಸುವುದು ಕ್ಷೇಮ.

ಕಂತು ಮತ್ತು ತೆರಿಗೆ

ಸಾಲದ ಬಡ್ಡಿಯನ್ನು ಹೇಳುವ ರೀತಿಯಲ್ಲಿಯೇ ಮೋಸಹೋಗುವ ಸಂಭವವಿದೆ. 60,000 ರೂಪಾಯಿಗೆ ಮೂರು ವರ್ಷಗಳ ಅವಧಿಗೆ ಶೇಕಡಾ 10ರ ಫ್ಲಾಟ್ ಬಡ್ಡಿ ಎಂದರೆ ಒಟ್ಟು ಬಡ್ಡಿ 18,000, ತಿಂಗಳ ಕಂತು 2,167. ಪ್ರತಿ ತಿಂಗಳೂ ಅಸಲು ತೀರುತ್ತ ಬಂದರೂ ಬಡ್ಡಿಯನ್ನು ಪೂರ್ಣ ಮೊತ್ತದ ಮೇಲೆಯೇ ಹಾಕುವುದರಿಂದ ಇಳಿಕೆಯ ಬಾಕಿಯ ಲೆಕ್ಕದಲ್ಲಿ ಇದು ಸುಮಾರು ಶೇಕಡಾ 18ಕ್ಕೆ ಸಮ. ಬೇರೆ ಬೇರೆ ಸಾಲಗಳನ್ನು ಹೋಲಿಸುವಾಗ ಈ ಎರಡನೆಯ ದರವನ್ನೇ ಕೇಳಬೇಕು.

350 ಸಿ.ಸಿ.ವರೆಗಿನ ಮೋಟಾರ್ ಸೈಕಲ್‌ಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಆದರೆ ಬಿಲ್ಲಿನಲ್ಲಿ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ಬರೆಸಿದ ಮಾತ್ರಕ್ಕೆ ಮಾಲೀಕರ ಓಡಾಟದ ವಾಹನಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಆದಾಯ ತೆರಿಗೆಯಲ್ಲಿ ವೈಯಕ್ತಿಕ ಬಳಕೆಯ ಪಾಲನ್ನು ಬಿಟ್ಟು, ವ್ಯವಹಾರಕ್ಕೆ ಬಳಕೆಯಾದಷ್ಟಕ್ಕೆ ಶೇಕಡಾ 15ರ ದರದಲ್ಲಿ ಸವಕಳಿ ತೋರಿಸಬಹುದು; ಮೊದಲ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟಿದ್ದರೆ ಆ ಮೊತ್ತ ಸವಕಳಿಯ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಬ್ಯಾಂಕಿನ ಮೂಲಕವೇ ಪಾವತಿಸುವುದು ಸೂಕ್ತ.

ವಿಮೆಯ ಸಣ್ಣ ಅಕ್ಷರಗಳು

ಅತಿ ದೊಡ್ಡ ನಷ್ಟಕ್ಕೆ ದಾರಿಯಾಗುವುದು ಬಹುಮಟ್ಟಿಗೆ ಓದದೆ ಬಿಟ್ಟ ವಿಮಾ ಪತ್ರ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯವಾಗಿದೆ. ಸ್ವಂತ ವಾಹನಕ್ಕಾಗುವ ಹಾನಿಯ ವಿಮೆ ಮಾತ್ರ ಅನೇಕ ವೇಳೆ ಒಂದೇ ವರ್ಷದ್ದಾಗಿರುತ್ತದೆ. ಐದು ವರ್ಷ ಚಿಂತೆಯಿಲ್ಲವೆಂದು ತಿಳಿದು ಅದನ್ನು ನವೀಕರಿಸಲು ಮರೆಯುವವರು ಉಂಟು.

ವ್ಯಾಪಾರಿಗಳು ವಿಶೇಷವಾಗಿ ಗಮನಿಸತಕ್ಕ ಎರಡು ಸಂಗತಿಗಳಿವೆ. ಮೊದಲನೆಯದಾಗಿ, ಮಾಲೀಕ-ಚಾಲಕರಿಗೆ ದೊರೆಯುವ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ರಕ್ಷಣೆ ವಾಹನವು ವ್ಯಕ್ತಿಯ ಹೆಸರಿನಲ್ಲಿದ್ದಾಗ ಮಾತ್ರ ಅನ್ವಯಿಸುತ್ತದೆ. ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ನೋಂದಾಯಿಸಿದರೆ ಅದು ಸಿಗದು. ಸವಕಳಿಯ ಲಾಭಕ್ಕಾಗಿ ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವವರು ಓಡಿಸುವವರಿಗಾಗಿ ಪ್ರತ್ಯೇಕ ಅಪಘಾತ ವಿಮೆಯನ್ನು ಮಾಡಿಸಲೇಬೇಕು. ಇಲ್ಲವಾದರೆ ಕೆಲವು ಸಾವಿರದ ತೆರಿಗೆ ಉಳಿಸಲು ಹೋಗಿ ಕುಟುಂಬವನ್ನು ಬರಿಗೈಯಲ್ಲಿ ಬಿಟ್ಟಂತಾದೀತು. ಎರಡನೆಯದಾಗಿ, ಖಾಸಗಿ ದ್ವಿಚಕ್ರ ವಾಹನದ ವಿಮಾ ಪತ್ರದಲ್ಲಿ ಬಳಕೆಯ ಮಿತಿಯನ್ನು ಹೇಳುವ ಸಾಲೊಂದಿರುತ್ತದೆ. ಮಾದರಿ ಸರಕು ಮತ್ತು ಸ್ವಂತ ಸಾಮಾನನ್ನು ಹೊರತುಪಡಿಸಿ ಸರಕು ಸಾಗಣೆಗೆ ಆ ವಿಮೆ ಒಳಪಡುವುದಿಲ್ಲ. ಹಿಂಬದಿಯ ಸೀಟಿಗೆ ದಿನವೂ ಮೂಟೆ ಕಟ್ಟಿ ಗಿರಾಕಿಗೆ ಮುಟ್ಟಿಸುವವರು ವಿಮಾ ಸಂಸ್ಥೆಯನ್ನು ಮೊದಲೇ ವಿಚಾರಿಸಬೇಕು. ಅಪಘಾತದ ನಂತರ ವಿಚಾರಿಸಿ ಫಲವಿಲ್ಲ.

ಒಟ್ಟಿನಲ್ಲಿ, ಮೊದಲು ದಿನದ ಕಿಲೋಮೀಟರ್ ಎಷ್ಟೆಂದು ಬರೆದು ಎಂಜಿನ್ನಿನ ವರ್ಗವನ್ನು ನಿರ್ಧರಿಸುವುದು, ಬಳಿಕ ಬಿಡಿಭಾಗ ಮತ್ತು ಮೆಕ್ಯಾನಿಕ್ ವಿಚಾರಿಸಿ ಮಾದರಿಯನ್ನು ಆರಿಸುವುದು, ಆಮೇಲೆ ಬಡ್ಡಿಯ ನಿಜವಾದ ದರವನ್ನು ತಿಳಿಯುವುದು, ಸಹಿ ಹಾಕುವ ಮುನ್ನ ವಿಮಾ ಪತ್ರವನ್ನು ಓದುವುದು. ಇದೇ ಸರಿಯಾದ ಕ್ರಮ. ಬಣ್ಣ ಮತ್ತು ರಿಯಾಯಿತಿ ಕಡೆಯಲ್ಲಿ ಬರಲಿ. ಪ್ರತಿದಿನ ಬೆಳಿಗ್ಗೆ ತಪ್ಪದೆ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಬಾಗಿಲು ತೆರೆಸುವ ವಾಹನವೇ ವ್ಯಾಪಾರಿಯ ಪಾಲಿಗೆ ನಿಜವಾಗಿ ಕಡಿಮೆ ಬೆಲೆಯ ವಾಹನ.