ಕಾಕ್ಲಿಯರ್ ಇಂಪ್ಲಾಂಟ್: ಕಂಪನಿಯ ಆಯ್ಕೆಗೆ ಮುನ್ನ ಕುಟುಂಬಗಳಿಗೆ ತಿಳಿಸಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಗಮನಕ್ಕೆ,

ಹಟ್ಟಿ ಪಟ್ಟಣದ ಸುತ್ತಲಿನ ಗ್ರಾಮಗಳಲ್ಲಿ, ಅದೇ ರೀತಿ ಲಿಂಗಸುಗೂರು, ಮಸ್ಕಿ ಹಾಗೂ ಸಿಂಧನೂರು ತಾಲ್ಲೂಕುಗಳಲ್ಲಿ, ತೀವ್ರ ಶ್ರವಣದೋಷವುಳ್ಳ ಮಕ್ಕಳ ಪೋಷಕರು ಸಲಹೆಗಾಗಿ ಮೊದಲು ಬರುವುದು ತಮ್ಮ ವಾರ್ಡಿನ ಸದಸ್ಯರ ಬಳಿಗೆ. ಗ್ರಾಮಸಭೆಯಲ್ಲಿ ಅವರು ಕೇಳುವ ಪ್ರಶ್ನೆ ಸರಳವಾಗಿರುತ್ತದೆ: "ಯಾವ ಕಂಪನಿ ಮಷೀನ್ ಚಲೋ ಐತ್ರೀ?" ಈ ಪ್ರಶ್ನೆಗೆ ಒಂದೇ ಹೆಸರಿನ ಉತ್ತರವಿಲ್ಲ. ಆದರೆ ಸರಿಯಾದ ನಿರ್ಧಾರಕ್ಕೆ ಯಾವ ಪ್ರಶ್ನೆಗಳನ್ನು ಕೇಳಬೇಕೆಂಬುದನ್ನು ಸದಸ್ಯರು ತಿಳಿದಿದ್ದರೆ ಕುಟುಂಬಕ್ಕೆ ಬಹಳಷ್ಟು ಅನುಕೂಲವಾಗುತ್ತದೆ. ಆ ಉದ್ದೇಶದಿಂದ ಈ ವಿವರಣೆಯನ್ನು ನೀಡಲಾಗಿದೆ.

1. ಸಾಧನದ ಸ್ವರೂಪ

ಸಾಮಾನ್ಯ ಶ್ರವಣ ಸಾಧನವು ಶಬ್ದವನ್ನು ದೊಡ್ಡದು ಮಾಡಿ ಕಿವಿಗೆ ಕಳುಹಿಸುತ್ತದೆ. ಒಳಕಿವಿಯ ಕೋಶಗಳೇ ಕೆಲಸ ಮಾಡದಿದ್ದಾಗ ಎಷ್ಟು ದೊಡ್ಡದು ಮಾಡಿದರೂ ಮಾತು ಸ್ಪಷ್ಟವಾಗುವುದಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಶಬ್ದವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ಶ್ರವಣ ನರಕ್ಕೆ ನೇರವಾಗಿ ತಲುಪಿಸುತ್ತದೆ. ಇದರಲ್ಲಿ ಎರಡು ಭಾಗಗಳಿವೆ. ಒಂದು, ಶಸ್ತ್ರಚಿಕಿತ್ಸೆಯ ಮೂಲಕ ಚರ್ಮದ ಕೆಳಗೆ ಅಳವಡಿಸುವ ಒಳಭಾಗ. ಇನ್ನೊಂದು, ಹೊರಗೆ ಧರಿಸುವ ಪ್ರೊಸೆಸರ್. ಇವೆರಡನ್ನೂ ಅಯಸ್ಕಾಂತವು ಚರ್ಮದ ಆಚೀಚೆ ಹಿಡಿದಿಡುತ್ತದೆ.

ಕೊಳವೆಬಾವಿಯ ಮೋಟರಿಗೆ ಬೇರೆ ಕಂಪನಿಯ ಸ್ಟಾರ್ಟರ್ ಜೋಡಿಸಬಹುದು. ಇಲ್ಲಿ ಅದು ಸಾಧ್ಯವಿಲ್ಲ. ಒಂದು ಕಂಪನಿಯ ಒಳಭಾಗಕ್ಕೆ ಅದೇ ಕಂಪನಿಯ ಪ್ರೊಸೆಸರ್ ಮಾತ್ರ ಹೊಂದುತ್ತದೆ. ಒಳಭಾಗವನ್ನು ದಶಕಗಳ ಕಾಲ ಉಳಿಯಲೆಂದೇ ಅಳವಡಿಸಲಾಗುತ್ತದೆ. ಹೊರಗಿನ ಪ್ರೊಸೆಸರನ್ನು ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕಾಗುತ್ತದೆ. ಆದ್ದರಿಂದ ಕಂಪನಿಯ ಆಯ್ಕೆಯೆಂದರೆ ದೀರ್ಘಕಾಲದ ಸೇವಾ ಸಂಬಂಧದ ಆಯ್ಕೆ ಎಂದು ಪೋಷಕರಿಗೆ ಮನವರಿಕೆ ಮಾಡಿಕೊಡಬೇಕು.

2. ಪ್ರಮುಖ ಕಂಪನಿಗಳು

ಆಸ್ಟ್ರೇಲಿಯದ ಕಾಕ್ಲಿಯರ್, ಆಸ್ಟ್ರಿಯದ ಮೆಡ್‌ಎಲ್ ಮತ್ತು ಅಮೆರಿಕದಲ್ಲಿ ಆರಂಭವಾದ ಅಡ್ವಾನ್ಸ್ಡ್ ಬಯಾನಿಕ್ಸ್ ಈ ಕ್ಷೇತ್ರದ ಮೂರು ಪ್ರಮುಖ ತಯಾರಕ ಸಂಸ್ಥೆಗಳು. ಒಳಕಿವಿಗೆ ಸೇರಿಸುವ ತಂತಿಯಲ್ಲಿ ಮೊದಲನೆಯದಕ್ಕೆ 22, ಎರಡನೆಯದಕ್ಕೆ 12, ಮೂರನೆಯದಕ್ಕೆ 16 ಸಂಕೇತ ಬಿಂದುಗಳಿವೆ. 22 ಎಂಬುದು 12ಕ್ಕಿಂತ ಹೆಚ್ಚು, ಆದ್ದರಿಂದ ಅದೇ ಉತ್ತಮವೆಂದು ತಿಳಿಯುವುದು ಸರಿಯಲ್ಲ. ತಂತಿಯ ಉದ್ದ, ಮೃದುತ್ವ, ಅದು ಒಳಕಿವಿಯಲ್ಲಿ ಕೂರುವ ಸ್ಥಾನ ಮತ್ತು ಸಂಕೇತವನ್ನು ಕಳುಹಿಸುವ ವಿಧಾನಗಳೂ ಭಿನ್ನವಾಗಿವೆ. ಒಳಕಿವಿಯ ರಚನೆಯಲ್ಲಿ ವ್ಯತ್ಯಾಸವಿರುವ ಮಗುವಿಗೆ ಯಾವ ಬಗೆಯ ತಂತಿ ಸೂಕ್ತ ಎಂಬುದನ್ನು ಸ್ಕ್ಯಾನ್ ನೋಡಿ ಶಸ್ತ್ರವೈದ್ಯರೇ ನಿರ್ಧರಿಸಬೇಕು. ಮಗು ಎಷ್ಟು ಚೆನ್ನಾಗಿ ಮಾತು ಕಲಿಯುತ್ತದೆ ಎಂಬುದು ಕಂಪನಿಗಿಂತ ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ವಯಸ್ಸು, ದಿನವಿಡೀ ಸಾಧನವನ್ನು ಧರಿಸುವುದು ಹಾಗೂ ನಿರಂತರ ವಾಕ್ ತರಬೇತಿಯನ್ನು ಅವಲಂಬಿಸಿದೆ.

3. ನಮ್ಮ ಭಾಗದ ಜೀವನಕ್ರಮಕ್ಕೆ ಹೊಂದುವ ಪ್ರಶ್ನೆಗಳು

ವೈದ್ಯಕೀಯ ಅಂಶಗಳು ಸಮಾನವಾಗಿದ್ದಾಗ ಈ ಕೆಳಗಿನವುಗಳನ್ನು ಹೋಲಿಸಿ ನೋಡುವುದು ಸೂಕ್ತ.

ಬ್ಯಾಟರಿ: ಪುನಃ ಚಾರ್ಜ್ ಮಾಡುವ ಬ್ಯಾಟರಿಯಲ್ಲಿ ತಿಂಗಳ ಖರ್ಚು ಕಡಿಮೆ, ಆದರೆ ರಾತ್ರಿ ವಿದ್ಯುತ್ ಇಲ್ಲದಿದ್ದರೆ ಮರುದಿನ ಶಾಲೆಯಲ್ಲಿ ಮಗುವಿಗೆ ಏನೂ ಕೇಳಿಸದು. ಬಿಸಾಡುವ ಗುಂಡಿ ಬ್ಯಾಟರಿಗೆ ವಿದ್ಯುತ್ ಬೇಕಿಲ್ಲ; ಆದರೆ ಅದನ್ನು ಸತತವಾಗಿ ಕೊಳ್ಳುತ್ತಿರಬೇಕು. ಎರಡೂ ಬಗೆಯ ಬ್ಯಾಟರಿ ಹಾಕಲು ಅವಕಾಶವಿರುವ ಮಾದರಿಯೇ ಗ್ರಾಮೀಣ ಮನೆಗೆ ಹೆಚ್ಚು ಅನುಕೂಲಕರ.

ಧೂಳು, ಬೆವರು, ನೀರು: ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ. ಸಾಧನದ ಮೇಲಿನ ಐಪಿ ಸಂಖ್ಯೆಯಲ್ಲಿ ಮೊದಲ ಅಂಕಿ ಧೂಳಿನಿಂದ, ಎರಡನೆಯದು ನೀರಿನಿಂದ ಇರುವ ರಕ್ಷಣೆಯನ್ನು ಸೂಚಿಸುತ್ತದೆ. ಗುಂಡಿ ಬ್ಯಾಟರಿಗೆ ಗಾಳಿ ಬೇಕಾಗಿರುವುದರಿಂದ ಅದರ ಕವಚದಲ್ಲಿ ರಂಧ್ರಗಳಿರುತ್ತವೆ. ಆದ್ದರಿಂದ ಘೋಷಿತ ಐಪಿ ಸಂಖ್ಯೆ ಯಾವ ಬ್ಯಾಟರಿ ಹಾಕಿದಾಗ ಅನ್ವಯಿಸುತ್ತದೆ ಎಂದು ಕೇಳಬೇಕು. ರಾತ್ರಿ ಸಾಧನವನ್ನು ತೇವ ಹೀರುವ ಡಬ್ಬಿಯಲ್ಲಿಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಬೇಕು. ಕಾಲುವೆ, ಕೆರೆಗಳಲ್ಲಿ ಇಳಿಯುವ ಮುನ್ನ ಪ್ರೊಸೆಸರ್ ತೆಗೆದಿಡಬೇಕು.

ಧರಿಸುವ ವಿಧಾನ: ಕಿವಿಯ ಹಿಂದೆ ಕೂರುವ ಮಾದರಿಯಲ್ಲಿ ಒಂದು ಸಣ್ಣ ಕೇಬಲ್ ಇರುತ್ತದೆ, ಬೇಗ ಹಾಳಾಗುವುದು ಈ ಕೇಬಲ್ಲೇ. ತಲೆಯ ಮೇಲೆ ಬಿಲ್ಲೆಯಂತೆ ಅಂಟಿಕೊಳ್ಳುವ ಮಾದರಿಯಲ್ಲಿ ಕೇಬಲ್ ಇರುವುದಿಲ್ಲ. ಆದರೆ ಓಡಾಡುವ, ಮರ ಹತ್ತುವ ಮಗುವಿನ ತಲೆಯಿಂದ ಅದು ಬಿದ್ದು ಕಳೆದುಹೋಗುವ ಸಂಭವ ಹೆಚ್ಚು. ಯಾವುದೇ ಮಾದರಿಯಾದರೂ ಅಂಗಿಗೆ ಸಿಕ್ಕಿಸುವ ದಾರ ಮತ್ತು ಕ್ಲಿಪ್ ಕಡ್ಡಾಯವಾಗಿ ಪಡೆಯಬೇಕು.

ಸೇವೆ: ದುರಸ್ತಿಗೆ ಎಲ್ಲಿಗೆ ಹೋಗಬೇಕು? ಕೊರಿಯರ್ ಮೂಲಕ ಕಳುಹಿಸಬಹುದೇ? ದುರಸ್ತಿಯಾಗುವವರೆಗೆ ಬದಲಿ ಪ್ರೊಸೆಸರ್ ನೀಡುವರೇ? ಖಾತರಿ ಎಷ್ಟು ವರ್ಷ, ಅದರಲ್ಲಿ ಕೇಬಲ್ ಮತ್ತು ಬ್ಯಾಟರಿ ಸೇರಿವೆಯೇ? ಈ ಮಾದರಿಯ ಬಿಡಿಭಾಗಗಳು ಎಷ್ಟು ವರ್ಷ ದೊರೆಯುತ್ತವೆ? ಈ ಉತ್ತರಗಳನ್ನು ಬರವಣಿಗೆಯಲ್ಲಿ ಪಡೆಯಬೇಕು. ಗುಳೆ ಹೋಗುವ ಕುಟುಂಬವಾದರೆ, ಅವರು ಹೋಗುವ ಊರಿನಲ್ಲಿಯೂ ಸೇವೆ ಮತ್ತು ತರಬೇತಿ ಲಭ್ಯವೇ ಎಂದು ವಿಚಾರಿಸಬೇಕು.

ಎಂಆರ್‌ಐ: ಒಳಭಾಗದಲ್ಲಿ ಅಯಸ್ಕಾಂತವಿರುವುದರಿಂದ ಮುಂದೆ ಯಾವುದೇ ಕಾಯಿಲೆಗೆ ಎಂಆರ್‌ಐ ಬೇಕಾದಾಗ ತೊಡಕಾಗಬಹುದು. ಮೂರೂ ಕಂಪನಿಗಳ ಈಚಿನ ಮಾದರಿಗಳಲ್ಲಿ ಅಯಸ್ಕಾಂತ ತೆಗೆಯದೆ 3 ಟೆಸ್ಲಾವರೆಗಿನ ಸ್ಕ್ಯಾನ್ ಮಾಡಲು ಅವಕಾಶವಿದೆ. ಹಳೆಯ ಮಾದರಿಗಳಲ್ಲಿ ಇಲ್ಲದಿರಬಹುದು. ಇಂಪ್ಲಾಂಟ್ ಗುರುತಿನ ಚೀಟಿಯನ್ನು ಕುಟುಂಬ ಸದಾ ಜೋಪಾನವಾಗಿಡಬೇಕು.

4. ಸರ್ಕಾರಿ ಯೋಜನೆಯಲ್ಲಿ ಆಯ್ಕೆ

ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಹುಟ್ಟು ಶ್ರವಣದೋಷವುಳ್ಳ 5 ವರ್ಷದವರೆಗಿನ ಅರ್ಹ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ನೆರವು ದೊರೆಯುತ್ತದೆ. ಇದಕ್ಕೆ ಮುಂಬೈನ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ನೋಡಲ್ ಸಂಸ್ಥೆ. ರಾಜ್ಯದಲ್ಲಿ ಶ್ರವಣ ಸಂಜೀವಿನಿ ಕಾರ್ಯಕ್ರಮವಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಹಾಗೂ ತರಬೇತಿ ಲಭ್ಯ.

ಯೋಜನೆಗಳಲ್ಲಿ ಸಾಧನವನ್ನು ಸರ್ಕಾರಿ ಖರೀದಿ ಪ್ರಕ್ರಿಯೆಯ ಮೂಲಕ ನಿಗದಿಪಡಿಸುವುದರಿಂದ ಪೋಷಕರ ಆಯ್ಕೆಗೆ ಅವಕಾಶ ಕಡಿಮೆ. ಇಚ್ಛಿಸಿದ ಕಂಪನಿಗಾಗಿ ಕಾಯುತ್ತ ಅಥವಾ ಸಾಲಕ್ಕಾಗಿ ಅಲೆಯುತ್ತ ವಯಸ್ಸಿನ ಮಿತಿ ಮೀರಿಸಿಕೊಳ್ಳುವುದು ಮಗುವಿಗೆ ಆಗುವ ದೊಡ್ಡ ನಷ್ಟ. ಭಾಷೆಯನ್ನು ಗ್ರಹಿಸುವ ಮೆದುಳಿನ ಶಕ್ತಿ ಮೊದಲ ಕೆಲವು ವರ್ಷಗಳಲ್ಲಿಯೇ ಅತಿ ಹೆಚ್ಚು. ತಡವಾಗಿ ಬರುವ ಉತ್ತಮ ಸಾಧನಕ್ಕಿಂತ ಸಕಾಲದಲ್ಲಿ ದೊರೆತ ಸಾಧಾರಣ ಸಾಧನವೇ ಮೇಲು. ಮಂಜೂರಾದ ಸಾಧನದ ಬಗ್ಗೆಯೂ ಮೇಲಿನ ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯುವ ಹಕ್ಕು ಪೋಷಕರಿಗಿದೆ.

5. ಗ್ರಾಮ ಪಂಚಾಯಿತಿಯ ಪಾತ್ರ

ಶಸ್ತ್ರಚಿಕಿತ್ಸೆಯಾದ ಕೂಡಲೇ ಮಗು ಮಾತನಾಡುವುದಿಲ್ಲ. ಗಾಯ ಮಾಗಿದ ನಂತರ, ಕೆಲವು ವಾರಗಳಲ್ಲಿ, ಪ್ರೊಸೆಸರ್ ಚಾಲನೆಗೊಳಿಸಲಾಗುತ್ತದೆ. ಆ ಬಳಿಕ ಧ್ವನಿಯ ಮಟ್ಟವನ್ನು ಹೊಂದಿಸುವ ಮ್ಯಾಪಿಂಗ್‌ಗಾಗಿ ಹಲವು ಬಾರಿ ಹೋಗಬೇಕು. ವಾಕ್ ತರಬೇತಿ ವರ್ಷಗಟ್ಟಲೆ ನಡೆಯಬೇಕು. ಲಕ್ಷಾಂತರ ರೂಪಾಯಿಯ ಸಾಧನ ಒಂದು ಕೇಬಲ್ ತುಂಡಾಗಿದ್ದಕ್ಕೆ ಅಥವಾ ಬಸ್ ಖರ್ಚಿಗೆ ಹಣವಿಲ್ಲದ್ದಕ್ಕೆ ಪೆಟ್ಟಿಗೆ ಸೇರಿದರೆ ಮಗು ಮತ್ತೆ ನಿಶ್ಶಬ್ದಕ್ಕೆ ಮರಳುತ್ತದೆ. ಇದನ್ನು ತಡೆಯುವ ಶಕ್ತಿ ಪಂಚಾಯಿತಿಗಿದೆ. ಆದ್ದರಿಂದ:

ಅ) ಅಂಗವಿಕಲರ ಕಲ್ಯಾಣಕ್ಕಾಗಿ ಮೀಸಲಿಡುವ ಶೇ. 5ರ ಸ್ವಂತ ಸಂಪನ್ಮೂಲದಲ್ಲಿ, ಮಾರ್ಗಸೂಚಿಯ ಮಿತಿಯೊಳಗೆ, ಬ್ಯಾಟರಿ, ಕೇಬಲ್ ಹಾಗೂ ದುರಸ್ತಿ ನೆರವನ್ನು ಕ್ರಿಯಾಯೋಜನೆಗೆ ಸೇರಿಸಲು ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ನಿರ್ಣಯಿಸುವುದು.

ಆ) ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಇಂಪ್ಲಾಂಟ್ ಪಡೆದ ಮಕ್ಕಳ ಪಟ್ಟಿ ತಯಾರಿಸಿ, ಸಾಧನದ ಕಂಪನಿ, ಮಾದರಿ, ಖಾತರಿ ಮುಗಿಯುವ ದಿನಾಂಕ ಹಾಗೂ ಸಾಧನ ಇಂದು ಕೆಲಸ ಮಾಡುತ್ತಿದೆಯೇ ಎಂಬುದನ್ನು ದಾಖಲಿಸುವುದು. ಯುಡಿಐಡಿ ಕಾರ್ಡ್ ಇಲ್ಲದವರಿಗೆ ಅರ್ಜಿ ಹಾಕಿಸುವುದು.

ಇ) ಶಬ್ದಕ್ಕೆ ತಿರುಗಿ ನೋಡದ ಶಿಶುಗಳ ಬಗ್ಗೆ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಂದ ಮಾಹಿತಿ ಪಡೆದು, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಮೂಲಕ ಜಿಲ್ಲಾ ಕೇಂದ್ರಕ್ಕೆ ಕಳುಹಿಸುವುದು. 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ರೋಗನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಅಂಗೀಕೃತ ಗುರಿ. "ಅವರಪ್ಪನೂ ತಡವಾಗಿಯೇ ಮಾತು ಕಲಿತ" ಎಂಬ ಮಾತಿನಿಂದ ತಪಾಸಣೆ ಮುಂದೂಡದಂತೆ ಮನೆಯ ಹಿರಿಯರಿಗೆ ತಿಳಿಹೇಳುವುದು.

ಈ) ಮೆದುಳು ಪೊರೆಯ ಉರಿಯೂತದಿಂದ ಕಿವಿ ಕೇಳಿಸದಾದ ಮಕ್ಕಳ ಪ್ರಕರಣವನ್ನು ತುರ್ತೆಂದು ಪರಿಗಣಿಸುವುದು. ಅಂತಹ ಮಕ್ಕಳಲ್ಲಿ ಒಳಕಿವಿ ಎಲುಬುಗಟ್ಟಿ, ತಂತಿ ಸೇರಿಸಲು ಆಗದೇ ಹೋಗಬಹುದು.

ಮುಂದಿನ ಗ್ರಾಮಸಭೆಗೆ ಮುನ್ನ ಪ್ರತಿ ವಾರ್ಡಿನ ಸದಸ್ಯರು ತಮ್ಮ ವ್ಯಾಪ್ತಿಯ ಇಂತಹ ಮಕ್ಕಳ ಮನೆಗೆ ಒಮ್ಮೆ ಭೇಟಿ ನೀಡಿ, ಪ್ರೊಸೆಸರ್ ಮಗುವಿನ ಕಿವಿಯ ಮೇಲಿದೆಯೇ ಅಥವಾ ಕಪಾಟಿನಲ್ಲಿದೆಯೇ ಎಂದು ನೋಡಿಬರಬೇಕೆಂದು ವಿನಂತಿ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ
ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ