ಹಿಡಿ ಅಕ್ಕಿ, ಕೆಮ್ಮಣ್ಣು, ಪುಂಡಿನಾರು

ಸಾಗರದ ಸುತ್ತಲಿನ ದೀವರ ಸಮುದಾಯದ ಮನೆಗಳಲ್ಲಿ ಬಿಳಿ ಬಣ್ಣ ತರಲು ಯಾರೂ ಪೇಟೆಗೆ ಹೋದವರಲ್ಲ. ಅದು ಅಡುಗೆಮನೆಯ ಅಕ್ಕಿ ಮಡಿಕೆಯಲ್ಲೇ ಇರುತ್ತಿತ್ತು. ಕೆಂಪು ಹಿತ್ತಿಲಾಚೆಯ ಧರೆಯಲ್ಲಿ, ಕಪ್ಪು ಒಲೆಯ ಮೇಲಿನ ಹಂಚಿನಲ್ಲಿ, ಹಳದಿ ಕಾಡಿನ ಗುರಿಗೆ ಕಾಯಿಯಲ್ಲಿ. ಕುಂಚಕ್ಕೆ ಪುಂಡಿ ಗಿಡದ ನಾರು. ಇಷ್ಟನ್ನೇ ಇಟ್ಟುಕೊಂಡು ಆ ಮನೆಗಳ ಹೆಂಗಸರು ಮದುವೆಯ ಗೋಡೆ ಸಿಂಗರಿಸಿದರು, ಬಾಗಿಲಿನ ಸುತ್ತ ಅಂಚು ಎಳೆದರು, ಗದ್ದೆಗೆ ಹೊರುವ ಬುಟ್ಟಿಯನ್ನೂ ಬರಿದಾಗಿ ಬಿಡಲಿಲ್ಲ. ಪೇಂಟ್ ಅಂಗಡಿಯಲ್ಲಿ ಶೇಡ್ ಕಾರ್ಡ್ ಬಿಡಿಸಿಕೊಂಡು ಕೆನೆಬಿಳಿಯೊಂದರಲ್ಲೇ ಹತ್ತಾರು ಬಗೆ ನೋಡಿ ತಲೆ ಕೆರೆದುಕೊಳ್ಳುವ ನಾವು, ಕಡಿಮೆ ಖರ್ಚಿನಲ್ಲಿ ಮನೆ ಚೆಂದ ಮಾಡುವುದು ಹೇಗೆ ಎಂದು ಯಾರನ್ನಾದರೂ ಕೇಳುವುದಿದ್ದರೆ ಈ ಹೆಂಗಸರನ್ನೇ ಕೇಳಬೇಕು.

ಅವರ ಕೈಕೆಲಸಕ್ಕೆ ಹಸೆ ಚಿತ್ತಾರ ಎಂದು ಹೆಸರು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ, ಶಿಕಾರಿಪುರ, ಉತ್ತರ ಕನ್ನಡ ಜಿಲ್ಲೆಗೆ ಸೇರಿದ ಘಟ್ಟದ ಅಂಚಿನ ಸಿದ್ದಾಪುರ, ಇವು ಅದರ ಸೀಮೆ. ಮದುವೆಯಲ್ಲಿ ಹೆಣ್ಣು-ಗಂಡನ್ನು ಕೂರಿಸುವ ಹಸೆಯ ಹಿಂದಿನ ಗೋಡೆಗೆ ಬರೆಯುವುದೇ ಇದರಲ್ಲಿ ದೊಡ್ಡ ಕೆಲಸ. ಬರೆಯುವವಳು ಚಿತ್ತಾರಗಿತ್ತಿ. ಊರಿನಲ್ಲಿ ಕೈ ಪಳಗಿದವರು ಒಬ್ಬಿಬ್ಬರು ಇದ್ದೇ ಇರುತ್ತಿದ್ದರು. ಮದುವೆ ಗೊತ್ತಾದ ಮನೆಯವರು ಅವರನ್ನು ಕರೆಯುತ್ತಿದ್ದರು. ಉಳಿದ ಹೆಂಗಸರು ಬಣ್ಣ ಅರೆದುಕೊಡುವುದು, ನಾರು ಬಿಡಿಸುವುದು, ಹಾಡು ಹೇಳುವುದು. ಹಾಡಿಲ್ಲದೆ ಹಸೆ ಬರೆಯುವ ಪದ್ಧತಿಯೇ ಇರಲಿಲ್ಲ.

ಮೊದಲ ಕೆಲಸ ಗೋಡೆ. ಮಣ್ಣಿನ ಗೋಡೆಗೆ ಸಗಣಿ-ಮಣ್ಣು ಕಲಸಿ ಬಳಿದು ನುಣುಪು ಮಾಡಬೇಕು. ಅದು ಆರಿದ ಮೇಲೆ ಕೆಮ್ಮಣ್ಣು. ಧರೆಯಿಂದ ತಂದ ಮಣ್ಣನ್ನು ನೀರಿನಲ್ಲಿ ಕದಡಿ, ಕಲ್ಲು-ಕಸ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ರಾಡಿಯನ್ನಷ್ಟೇ ಬಸಿದುಕೊಂಡು ಬಟ್ಟೆಯಿಂದ ಬಳಿಯುತ್ತಾರೆ. ಒಂದು ಕೈ ಬಳಿದರೆ ಮಾಸಲು, ಇನ್ನೊಂದು ಕೈಗೆ ಬಣ್ಣ ಕೂರುತ್ತದೆ. ಮಲೆನಾಡಿನ ಒಳಮನೆಗಳಿಗೆ ಬೆಳಕು ಕಡಿಮೆ. ಅಂಥ ಕಡೆ ಈ ಕೆಂಪು ಕತ್ತಲಾಗಿ ಕಾಣುವುದಿಲ್ಲ, ಬೆಚ್ಚಗೆ ಕಾಣುತ್ತದೆ. ಅದರ ಮೇಲೆ ಬಿಳಿ ಗೆರೆ ಬಿದ್ದಾಗ ದೀಪದ ಬೆಳಕಿಗೂ ಎದ್ದು ತೋರುತ್ತದೆ. ಒಳಾಂಗಣ ವಿನ್ಯಾಸದವರು ದುಡ್ಡು ತೆಗೆದುಕೊಂಡು ಹೇಳುವ ಮಾತನ್ನು ಈ ಹೆಂಗಸರು ದುಡ್ಡಿಲ್ಲದೆ ಕಂಡುಕೊಂಡಿದ್ದರು: ನೆಲೆಯ ಬಣ್ಣ ಒಂದೇ ಇರಲಿ, ಅದರ ಮೇಲಿನದು ಅದಕ್ಕೆ ಪೂರ್ತಿ ಎದುರು ನಿಲ್ಲಲಿ.

ಬಿಳಿ ಮಾಡುವ ಕ್ರಮವನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಎಲ್ಲ ಇರುವುದು ಅದರ ಹದದಲ್ಲಿ. ಹಿಡಿ ಅಕ್ಕಿಯನ್ನು ರಾತ್ರಿಯೇ ನೆನೆಹಾಕಬೇಕು. ಬೆಳಿಗ್ಗೆ ಒರಳಿಗೆ ಹಾಕಿ, ಬೆರಳ ನಡುವೆ ಉಜ್ಜಿದರೆ ತರಿ ಸಿಗದಷ್ಟು ನುಣ್ಣಗೆ ಅರೆಯಬೇಕು. ತರಿ ಉಳಿದರೆ ನಾರಿನ ತುದಿಗೆ ಸಿಕ್ಕಿ ಗೆರೆ ಅಲ್ಲಲ್ಲಿ ಹರಿಯುತ್ತದೆ. ನೀರು ಹೆಚ್ಚಾದರೆ ಗೋಡೆಯ ಮೇಲೆ ಇಳಿಯುತ್ತದೆ, ಕಡಿಮೆಯಾದರೆ ಆರಿದ ಮೇಲೆ ಸಿಪ್ಪೆಯೇಳುತ್ತದೆ. ಇನ್ನೊಂದು ವಿಷಯ: ಬರೆಯುವ ಹೊತ್ತಿನಲ್ಲಿ ಗೆರೆ ಸರಿಯಾಗಿ ಕಾಣುವುದೇ ಇಲ್ಲ. ಹಸಿಯಿದ್ದಾಗ ತೆಳ್ಳಗೆ ನೀರು ಎಳೆದಂತಿರುತ್ತದೆ, ಆರುತ್ತ ಆರುತ್ತ ಬೆಳ್ಳಗಾಗುತ್ತದೆ. ಹಾಗಾಗಿ ಚಿತ್ತಾರಗಿತ್ತಿಯ ಕೈ ಕಣ್ಣಿಗಿಂತ ಮುಂದಿರಬೇಕು.

ಕಪ್ಪಿಗೂ ಅಕ್ಕಿಯೇ ಬೇಕು. ಹಂಚಿನ ಮೇಲೆ ಸುಟ್ಟು ಕರಿಯಾಗುವವರೆಗೆ ಹುರಿದು, ನೀರು ಹಾಕಿ ಅರೆದರೆ ಮಸಿಯಂಥ ಬಣ್ಣ. ಹಳದಿಯ ಬಳಕೆ ಕಡಿಮೆ, ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಪುಂಡಿನಾರಿನ ತುದಿಯನ್ನು ಜಜ್ಜಿ ಎಳೆ ಬಿಡಿಸಿದರೆ ಕುಂಚ ತಯಾರು. ಎಷ್ಟು ಎಳೆ ಇಟ್ಟುಕೊಂಡರೋ ಗೆರೆ ಅಷ್ಟು ದಪ್ಪ. ಅಳತೆಪಟ್ಟಿ ಇಲ್ಲದೆ ಆಳುದ್ದದ ಗೆರೆಯನ್ನು ನೆಟ್ಟಗೆ ಎಳೆಯುವ ಆ ಕೈಗಳನ್ನು ಹತ್ತಿರದಿಂದ ನೋಡಬೇಕು. ಮಣಿಕಟ್ಟು ಅಲುಗುವುದಿಲ್ಲ, ಇಡೀ ತೋಳು ಇಳಿಯುತ್ತದೆ.

ಚಿತ್ತಾರದ ಒಳಗೆ ಏನಿದೆ? ಹೊರಗೆ ಚೌಕಟ್ಟು. ಒಂದರ ಪಕ್ಕ ಒಂದು ಸಾಲಾಗಿ ನಿಂತ ಎಳೆಗಳು. ಅಡ್ಡ ಮತ್ತು ಓರೆ ಗೆರೆಗಳು ಹೆಣೆದುಕೊಂಡ ನಿಲಿ. ಮಾಡಿನ ಸೂರಿಗೆ ಆನಿಸುವ ಮದನಕೈ ಇಲ್ಲಿ ಗೆರೆಯಾಗಿ ಬರುತ್ತದೆ. ನಡುವೆ ಹೆಣ್ಣು-ಗಂಡು, ಅವರ ಬಾಸಿಂಗ. ಮೇಲೆ ಸೂರ್ಯ ಚಂದ್ರರು, ಹಕ್ಕಿಗಳ ಸಾಲು. ತೇರಿನ ಚಿತ್ತಾರವಾದರೆ ಗೋಡೆಯ ತುಂಬ ತೇರೇ. ಮದುಮಕ್ಕಳಿಗೆ ಮುಖ, ಮೂಗು, ಕಣ್ಣು ಬರೆಯುವ ಗೋಜಿಗೆ ಹೋಗುವುದಿಲ್ಲ. ಕೆಲವೇ ಗೆರೆಗಳಲ್ಲಿ ಜೋಡಿ ನಿಂತಿರುತ್ತದೆ. ಆ ಹಸೆಯ ಮುಂದೆ ಯಾವ ಮನೆಯ ಮದುಮಕ್ಕಳು ಬಂದು ಕೂತರೂ ಗೋಡೆಯ ಮೇಲಿನ ಜೋಡಿ ಅವರದೇ.

ಇದನ್ನು ನೋಡಿದ ಪಟ್ಟಣದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ವಾರ್ಲಿನಾ?’ ತಪ್ಪು ಕೇಳಿದವರದಲ್ಲ. ಮಹಾರಾಷ್ಟ್ರದ ವಾರ್ಲಿಯಲ್ಲೂ ಮಣ್ಣುಗೋಡೆ, ಅಕ್ಕಿಯ ಬಿಳಿ, ಮದುವೆಯ ಗೋಡೆ ಎಲ್ಲ ಇದೆ. ಜಿವ್ಯಾ ಸೋಮ ಮಶೆ ಅವರಂಥ ಕಲಾವಿದರ ಕೈಯಲ್ಲಿ ಅದು 1970ರ ದಶಕದಿಂದ ಕಾಗದಕ್ಕೆ, ಬಟ್ಟೆಗೆ ಬಂದು ಲೋಕ ಸುತ್ತಿತು, ಮಶೆ ಅವರಿಗೆ 2011ರಲ್ಲಿ ಪದ್ಮಶ್ರೀಯೂ ಬಂತು. ಆದರೆ ವಾರ್ಲಿಯ ಜೀವ ಇರುವುದು ಚಲನೆಯಲ್ಲಿ. ಅಲ್ಲಿ ಜನ ಕುಣಿಯುತ್ತಾರೆ, ಉಳುತ್ತಾರೆ, ಬೇಟೆಗೆ ಓಡುತ್ತಾರೆ. ಚಿತ್ತಾರದಲ್ಲಿ ಓಟವಿಲ್ಲ, ಕಟ್ಟಡವಿದೆ. ಮನೆ ಕಟ್ಟಿದ ಹಾಗೆಯೇ ಗೆರೆ ಕಟ್ಟುತ್ತಾರೆ. ಇವತ್ತಿನ ಮನೆಯ ಗೋಡೆಗೆ ನನ್ನನ್ನು ಕೇಳಿದರೆ ಚಿತ್ತಾರವೇ ಹೆಚ್ಚು ಒಗ್ಗುತ್ತದೆ ಎನ್ನುತ್ತೇನೆ. ಸೋಫಾ, ಕಿಟಕಿ, ಕಪಾಟು ಎಲ್ಲ ನೇರ ಗೆರೆಯಲ್ಲೇ ಇರುವ ಕೋಣೆಯಲ್ಲಿ ಅದು ಪರಕೀಯ ಅನ್ನಿಸುವುದಿಲ್ಲ.

ಮದುವೆಯ ಗೋಡೆಗಿಂತ ನನಗೆ ಹೆಚ್ಚು ಇಷ್ಟ ಭೂಮಣ್ಣಿ ಬುಟ್ಟಿ. ಆಶ್ವೀಜದ ಹುಣ್ಣಿಮೆಗೆ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಭತ್ತ ಹೊಡೆ ತುಂಬಿಕೊಂಡಿರುವ ಹೊತ್ತು, ಭೂಮಿತಾಯಿ ಬಸುರಿ ಎಂದು ಅವಳಿಗೆ ಬಯಕೆಯ ಊಟ ಬಡಿಸುವ ಹಬ್ಬ. ನವರಾತ್ರಿ ಮುಗಿಯುತ್ತಲೇ ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಕೆಮ್ಮಣ್ಣು ಹಚ್ಚಿ, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ತುಂಬುತ್ತಾರೆ. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಅಡುಗೆ. ಬಗೆಬಗೆಯ ಸೊಪ್ಪು ಹಾಕಿದ ಹಚ್ಚಂಬಲಿ, ಕಡುಬು, ಇನ್ನೂ ಏನೇನೋ. ಬೆಳಕು ಹರಿಯುವ ಮೊದಲು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ. ಗೋಡೆ ನೆಟ್ಟಗಿರುತ್ತದೆ, ಬುಟ್ಟಿ ಹಾಗಲ್ಲ, ಹೆಣಿಗೆಯ ಉಬ್ಬುತಗ್ಗು ಇದೆ, ಮೇಲೆ ಅಗಲ ಕೆಳಗೆ ಕಿರಿದು. ಗೆರೆಗಳು ಕೆಳಗಿಳಿದಂತೆ ಒತ್ತಾಗಬೇಕು, ಎಲ್ಲಿಯೂ ಮುರಿಯಬಾರದು. ಅಷ್ಟೆಲ್ಲ ಮಾಡಿದ್ದು ಒಂದು ಮುಂಜಾವಿಗೆ.

ಬಣ್ಣಕ್ಕೆ ಕಾಸು ಬಿಚ್ಚದಿದ್ದುದು ಅವರ ಆಯ್ಕೆಯಾಗಿತ್ತು ಎಂದು ಸುಲಭವಾಗಿ ಹೇಳಿಬಿಡುವಂತಿಲ್ಲ. ದೀವರಲ್ಲಿ ಬಹುಪಾಲು ಜನ ಗೇಣಿದಾರರಾಗಿದ್ದರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಜಗಳವೇ 1951ರ ಕಾಗೋಡು ಸತ್ಯಾಗ್ರಹಕ್ಕೆ ಕಿಡಿಯಾದದ್ದು. ಗಣಪತಿಯಪ್ಪನವರ ಮುಂದಾಳತ್ವದ ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂತು. ಅದಕ್ಕೂ ಹತ್ತು ವರ್ಷ ಮೊದಲು, 1964ರ ಹೊತ್ತಿಗೆ, ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದು ಕಣಿವೆಯ ಊರುಗಳು ಮುಳುಗಿದ್ದವು, ಅಲ್ಲಿದ್ದ ದೀವರ ಮನೆಗಳೂ ಹೋದವು. ಬೆಳೆದ ಅಕ್ಕಿ ಪೂರ್ತಿ ತನ್ನದಲ್ಲದ ಮನೆಯಲ್ಲಿ ಹಿಡಿ ಅಕ್ಕಿಯನ್ನು ಗೋಡೆಗೆ ಎತ್ತಿಡುವುದು ಸಣ್ಣ ಮಾತಲ್ಲ. ನಾವು ಅದನ್ನು ‘ಖರ್ಚಿಲ್ಲದ ಕಲೆ’ ಎನ್ನುವಾಗ ನಾಲಿಗೆ ಸ್ವಲ್ಪ ತಡೆಯಬೇಕು.

ಈಗ ಆ ಊರುಗಳಲ್ಲೂ ಸಿಮೆಂಟ್ ಗೋಡೆ, ಎಮಲ್ಷನ್ ಬಣ್ಣ, ಮದುವೆಗೆ ಕಲ್ಯಾಣಮಂಟಪ. ಮಂಟಪದ ಹಿಂಬದಿಗೆ ಥರ್ಮಾಕೋಲ್ ಮತ್ತು ಪ್ಲಾಸ್ಟಿಕ್ ಹೂವು. ಎಮಲ್ಷನ್ ಗೋಡೆ ನೀರು ಹೀರುವುದಿಲ್ಲವಾದ್ದರಿಂದ ಅಕ್ಕಿಯ ಗೆರೆ ಅದಕ್ಕೆ ಹಿಡಿಯುವುದೂ ಇಲ್ಲ. ಚಿತ್ತಾರ ಹಾಗಾಗಿ ಬಟ್ಟೆಗೆ, ಪ್ಲೈವುಡ್ಡಿಗೆ, ಕೈಕಾಗದಕ್ಕೆ ಏರಿತು. ಹಸುವಂತೆಯ ಈಶ್ವರ ನಾಯ್ಕ, ಸಿರಿವಂತೆಯ ಚಂದ್ರಶೇಖರ್ ಅವರಂಥ ಕಲಾವಿದರಿಂದಾಗಿ ಇದು ಸಾಗರದಿಂದಾಚೆಗೂ ಪರಿಚಿತವಾಯಿತು. ಹೆಂಗಸರದೇ ಆಗಿದ್ದ ಕೆಲಸಕ್ಕೆ ಗಂಡಸರೂ ಕೈಹಾಕಿದ್ದು ಹೀಗೆ. ಆದರೆ ಮಾರುಕಟ್ಟೆಯಲ್ಲಿ ಒಂದು ಚಾಳಿಯೂ ಬೆಳೆದಿದೆ: ಚಿತ್ತಾರಕ್ಕೆ ನೀಲಿ, ಗುಲಾಬಿ, ಬಂಗಾರದ ಮಿನುಗು. ಕಲೆ ಬೆಳೆಯಬಾರದೆ ಎಂದು ಕೇಳುತ್ತಾರೆ. ಬೆಳೆಯಲಿ. ಆದರೆ ಬಣ್ಣ ನಾಲ್ಕೇ ಇದ್ದುದರಿಂದಲೇ ಎಲ್ಲ ಭಾರ ಗೆರೆಯ ಮೇಲೆ ಬಿದ್ದಿತ್ತು. ಗೆರೆ ಅಷ್ಟು ಬಿಗಿಯಾದದ್ದೂ ಅದರಿಂದಲೇ. ಎಂಟು ಬಣ್ಣ ಹಚ್ಚಿದ ಚಿತ್ತಾರಗಳಲ್ಲಿ ಗೆರೆ ಸಡಿಲಾಗಿರುವುದನ್ನು ಯಾರು ಬೇಕಾದರೂ ಗಮನಿಸಬಹುದು.

ಮನೆಯಲ್ಲಿ ಇದನ್ನು ಪ್ರಯತ್ನಿಸುವವರಿಗೆ ಕೆಲವು ಮಾತು. ಮೊದಲಿಗೆ ಇಡೀ ಗೋಡೆಗೆ ಕೈಹಾಕಬೇಡಿ. ಒಂದೂವರೆ ಅಡಿ ಚೌಕದ ಪ್ಲೈವುಡ್ ಸಾಕು, ಬಡಗಿಯ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು ಕೇಳಿದರೆ ಕೊಡುತ್ತಾರೆ. ಮರಳುಕಾಗದದಿಂದ ಉಜ್ಜಿ ಕೆಮ್ಮಣ್ಣು ಬಳಿಯಿರಿ. ಧರೆಯಿಲ್ಲದ ಊರಿನವರಿಗೆ ತುಳಸಿಕಟ್ಟೆಗೆ, ರಂಗೋಲಿಯ ಅಂಚಿಗೆ ಬಳಸುವ ಕೆಮ್ಮಣ್ಣು ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಮರಕ್ಕೆ ಹಚ್ಚುವ ಬಿಳಿ ಅಂಟು ಒಂದೆರಡು ಚಮಚ ಬೆರೆಸಿದರೆ ಕೈಗೆ ಬಣ್ಣ ಮೆತ್ತುವುದಿಲ್ಲ. ಅಕ್ಕಿಯನ್ನು ಮಿಕ್ಸಿಯಲ್ಲಿ ಅರೆಯುವುದಾದರೆ ಬಟ್ಟೆಯಲ್ಲಿ ಸೋಸಲೇಬೇಕು. ಪುಂಡಿನಾರು ಸಿಗದಿದ್ದರೆ ಸೆಣಬಿನ ಹುರಿಯ ತುದಿ ಬಿಡಿಸಿಕೊಳ್ಳಿ, ಅಂಗಡಿಯ ಕುಂಚಕ್ಕಿಂತ ಅದು ವಾಸಿ. ಚೌಕಟ್ಟಿನಿಂದ ಶುರುಮಾಡಿ. ಚೌಕಟ್ಟಿನ ನಾಲ್ಕು ಮೂಲೆ ಸೇರಿದರೆ ಒಳಗಿನದು ಹೇಗೋ ಬರುತ್ತದೆ. ಮೂಲೆ ಸೇರದಿದ್ದರೆ ಒಳಗೆ ಏನು ಬರೆದರೂ ಓರೆಯೇ.

ಇನ್ನು, ಒಂದು ಕೋಣೆಗೆ ಒಂದೇ ಚಿತ್ತಾರ. ದಿಂಬಿಗೂ ಅದೇ, ಪರದೆಗೂ ಅದೇ, ದೀಪದ ಬುರುಡೆಗೂ ಅದೇ ಎಂದು ಹೊರಟರೆ ಮನೆ ಕರಕುಶಲ ಮೇಳದ ಮಳಿಗೆಯಾಗುತ್ತದೆ. ಪಕ್ಕದ ಗೋಡೆಗಳು ಸುಣ್ಣದ ಬಿಳಿಯಲ್ಲೇ ಇರಲಿ. ಹಳೆಯ ಮನೆಯ ರೆಡ್ ಆಕ್ಸೈಡ್ ನೆಲವಿದ್ದರೆ ನಿಮ್ಮ ಪುಣ್ಯ, ಬೇರೇನೂ ಬೇಡ. ಕೈಯಲ್ಲಿ ಆಗದು ಎನ್ನುವವರು ಕೊಂಡುಕೊಳ್ಳಬಹುದು, ಆದರೆ ಬರೆದವರಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಸಾಮಗ್ರಿಗೆ ಬೆಲೆಯಿಲ್ಲ ನಿಜ, ದಿನಗಟ್ಟಲೆ ಕೂತ ಬೆನ್ನಿಗೆ ಇದೆ. ಭೂಮಿ ಹುಣ್ಣಿಮೆಯ ಆಸುಪಾಸಿನಲ್ಲಿ ಸಾಗರದ ಕಡೆ ಹೋದರೆ ಬುಟ್ಟಿ ಬರೆಯುವುದನ್ನೇ ನೋಡಬಹುದು. ಹಬ್ಬದ ಮನೆ, ಮುಂಚೆ ಹೇಳಿ ಹೋಗಿ.

ಬಾಡಿಗೆ ಮನೆಯವರು ಗೋಡೆ ಮುಟ್ಟಲು ಹೆದರುತ್ತಾರೆ. ಬೆಂಗಳೂರಿನ ಬಹಳಷ್ಟು ಬಾಡಿಗೆ ಮನೆಗಳ ಗೋಡೆ ಡಿಸ್ಟೆಂಪರಿನದು, ಅದು ಅಕ್ಕಿಹಿಟ್ಟನ್ನು ಸುಮಾರಾಗಿ ಹಿಡಿಯುತ್ತದೆ. ಅಂಟು ಬೆರೆಸದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಗೆರೆ ಹೋಗುತ್ತದೆ, ಕೆಮ್ಮಣ್ಣಿನ ಕಲೆ ಮಾತ್ರ ಸ್ವಲ್ಪ ಉಳಿಯುತ್ತದೆ. ಉಳಿದರೆ ಉಳಿಯಲಿ. ಮನೆ ಬಿಡುವಾಗ ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹೇಗೂ ಹಿಡಿದುಕೊಳ್ಳುತ್ತಾರೆ, ಗೋಡೆ ಮುಟ್ಟಿದರೂ, ಮುಟ್ಟದಿದ್ದರೂ.