ಸುತ್ತಲೂ ನೋಡುವ ಕ್ಯಾಮರಾ ಬರುವ ಮುನ್ನ

ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿಗೆ ಸಮೀಪವಿರುವ ನಮ್ಮ ಸಂಘದ ಮಾರಾಟ ಮಳಿಗೆಯನ್ನು ‘ವರ್ಚುವಲ್ ಟೂರ್’ ಎಂಬ ವಿಧಾನದಲ್ಲಿ ಚಿತ್ರೀಕರಿಸುವ ಪ್ರಸ್ತಾಪವು ಆಡಳಿತ ಮಂಡಳಿಯ ಮುಂದಿರುವುದು ಸದಸ್ಯ ಬಾಂಧವರಿಗೆ ತಿಳಿದ ವಿಷಯ. ಗೋದಾಮಿನ ಹೆಂಚು ಕೈಯಾಡಿಸುವುದು ಬಾಕಿ ಇರುವಾಗ ಪಟ ತೆಗೆಸಲು ಹಣ ಹಾಕುವುದೇ ಎಂದು ಕೆಲವರು ಕೇಳಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಚೀಲಗಳನ್ನು ಕ್ಯೂರಿಂಗ್ ವರ್ಕ್ಸಿಗೆ ಒಪ್ಪಿಸಿದರೆ ಬೆಳೆಗಾರನ ಜವಾಬ್ದಾರಿ ಮುಗಿಯುತ್ತಿತ್ತು. ಕೊಳ್ಳುವವನ ಮುಖವನ್ನು ಅವನು ನೋಡಬೇಕಾಗಿರಲಿಲ್ಲ, ಕೊಳ್ಳುವವನೂ ಅವನ ಮುಖ ನೋಡುತ್ತಿರಲಿಲ್ಲ. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾದ ಮೇಲೆ ಗಿರಾಕಿಯನ್ನು ಹುಡುಕುವ ಕೆಲಸ ನಮ್ಮ ಹೆಗಲಿಗೇ ಬಿತ್ತು. ಇಂದು ಯಲಹಂಕದಲ್ಲಿ ಸಣ್ಣ ರೋಸ್ಟಿಂಗ್ ಘಟಕ ನಡೆಸುವವರಾಗಲಿ, ಆರ್.ಟಿ. ನಗರದಲ್ಲಿ ಕಾಫಿಪುಡಿ ಅಂಗಡಿ ಇಟ್ಟವರಾಗಲಿ, ನಮ್ಮ ಮೆಟ್ಟಿಲು ಹತ್ತುವ ಮೊದಲು ಮೊಬೈಲಿನಲ್ಲಿ ನೋಡಿಕೊಳ್ಳುತ್ತಾರೆ. ಅಲ್ಲಿ ಹೆಸರು ಮಾತ್ರವಿದ್ದು ಒಳಗಿನ ನೋಟ ಇಲ್ಲದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಬಿಡಿ ಚೀಲಗಳಿಗೆ ನಾಲ್ಕು ಕಾಸು ಹೆಚ್ಚು ಸಿಗಬೇಕಾದರೆ ಇಂಥ ಗಿರಾಕಿಗಳೇ ಬೇಕು.

ಈ ಚಿತ್ರೀಕರಣವೆಂದರೇನು? ಎದೆಮಟ್ಟಕ್ಕಿಂತ ಸ್ವಲ್ಪ ಮೇಲೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮರಾ ಇಟ್ಟು, ನಾಲ್ಕು ದಿಕ್ಕು, ಮೇಲೆ, ಕೆಳಗೆ, ಎಲ್ಲವನ್ನೂ ತೆಗೆದು ಒಂದಕ್ಕೊಂದು ಹೊಂದಿಸುತ್ತಾರೆ. ಮೂರು ನಾಲ್ಕು ಅಡಿ ಸರಿದು ಮತ್ತೆ ತೆಗೆಯುತ್ತಾರೆ. ನೋಡುವವನು ಬೆರಳಿನಿಂದ ತಿರುಗಿಸಿದರೆ ಅಂಗಡಿಯೊಳಗೆ ತಾನೇ ನಡೆದಾಡಿದಂತೆ ಕಾಣುತ್ತದೆ. ಪಟಕ್ಕೆ ಪಟ ಜೋಡಿಸುವ ಉಪಾಯ ನಮ್ಮ ಕಡೆಗೆ ತೀರ ಹೊಸದೂ ಅಲ್ಲ. 1854ರಲ್ಲಿ ಬೆಂಗಳೂರಿನಲ್ಲಿದ್ದ ಸೇನಾಧಿಕಾರಿ ಲಿನೇಯಸ್ ಟ್ರೈಪ್ ಎಂಬವರು ಹಳೇಬೀಡು, ಬೇಲೂರು ದೇವಾಲಯಗಳ ಪಟ ತೆಗೆದರು; ಅವರೇ 1858ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಶಾಸನವನ್ನು 21 ಪಟಗಳಲ್ಲಿ ತೆಗೆದು ಸುಮಾರು 19 ಅಡಿ ಉದ್ದಕ್ಕೆ ಜೋಡಿಸಿದರು. ನಮ್ಮ ಕಾಲಕ್ಕೆ ಬಂದರೆ, ಗೂಗಲ್ ಸಂಸ್ಥೆ 2011ರ ಮೇ ತಿಂಗಳಲ್ಲಿ ಬೆಂಗಳೂರಿನ ರಸ್ತೆಗಳ ಚಿತ್ರೀಕರಣ ಆರಂಭಿಸಿತು. ಪೊಲೀಸರ ಆಕ್ಷೇಪಣೆಯಿಂದ ಮರುತಿಂಗಳೇ ಅದು ನಿಂತು, 2022ರ ಜುಲೈನಲ್ಲಿ ದೇಶದ ಹತ್ತು ನಗರಗಳೊಂದಿಗೆ ಮತ್ತೆ ಬಂತು. ಬೆಂಗಳೂರು ಆ ಹತ್ತರಲ್ಲಿ ಒಂದು.

ಸಾಧಾರಣ ಪಟಕ್ಕೆ ಒಂದು ಮೂಲೆ ಗುಡಿಸಿದರೆ ಸಾಕು, ಉಳಿದ ಕಸ ಛಾಯಾಗ್ರಾಹಕನ ಬೆನ್ನ ಹಿಂದೆ ಇರುತ್ತದೆ. ಈ ಕ್ಯಾಮರಾಕ್ಕೆ ಬೆನ್ನೇ ಇಲ್ಲ. ಸೂರಿನ ಜೇಡರ ಬಲೆ, ಫ್ಯಾನಿನ ಧೂಳು, ಗಲ್ಲಾಪೆಟ್ಟಿಗೆಯ ಹಿಂದೆ ತುರುಕಿದ ಹಳೇ ರಟ್ಟಿನ ಪೆಟ್ಟಿಗೆ, ಯಾರೋ ಬಿಟ್ಟುಹೋದ ಕೊಡೆ, ಎಲ್ಲಕ್ಕೂ ಸಮಾನ ಮರ್ಯಾದೆ. ಆದಕಾರಣ ಚೀಲಗಳನ್ನು ಗೋಡೆಯಿಂದ ಈಚೆಗೆ ತಂದು, ಮರದ ಅಟ್ಟಣೆಯ ಮೇಲೆ ಸಾಲಾಗಿ ಒಟ್ಟಬೇಕು. ಇದು ಪಟಕ್ಕಾಗಿ ಮಾತ್ರವಲ್ಲ, ದಾಸ್ತಾನು ಸುಧೆಯ ತೇವ ಹೀರದಿರಲು ವರ್ಷವಿಡೀ ಇರಬೇಕಾದ ಕ್ರಮ. ಪಾರ್ಚ್‌ಮೆಂಟ್, ಚೆರ್ರಿ, ಚಾಲಿ, ರಾಶಿ ಇವುಗಳ ಮಾದರಿಗಳನ್ನು ಬಾಯಿ ತೆರೆದ ಬುಟ್ಟಿಗಳಲ್ಲಿ ಹೆಸರು ಬರೆದಿಡಬಹುದು. ತೇವಾಂಶ ಅಳೆಯುವ ಯಂತ್ರದ ಮೇಲ್ಗಡೆ, ಪಾರ್ಚ್‌ಮೆಂಟಿಗೆ ಶೇ. 10, ಅರೇಬಿಕಾ ಚೆರ್ರಿಗೆ 10.5, ರೊಬಸ್ಟಾ ಚೆರ್ರಿಗೆ 11 ಎಂದು ದಪ್ಪಕ್ಷರದಲ್ಲಿ ಬರೆದ ಹಲಗೆ ತೂಗುಹಾಕಿದರೆ ತಿಳಿದ ಗಿರಾಕಿಗೆ ನೂರು ಮಾತಿನ ಅಗತ್ಯವಿಲ್ಲ. ತೂಕದ ಯಂತ್ರದ ಮೇಲಿನ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ, ಆಹಾರ ಪರವಾನಗಿ ಪತ್ರ, ಪುಡಿ ಪೊಟ್ಟಣದ ಮೇಲಿನ ಚಿಕೋರಿ ಪ್ರಮಾಣ, ಇವು ಕಾಣುವಂತಿರಲಿ.

ಬೆಳಕಿನ ಬಗ್ಗೆ ಒಂದು ಮಾತು. ಒಂದು ಕಡೆ ಬಿಳಿ ಟ್ಯೂಬ್‌ಲೈಟ್, ಇನ್ನೊಂದು ಕಡೆ ಹಳದಿ ಬಲ್ಬು ಇದ್ದರೆ ಕೆಂಪಡಿಕೆ ಒಂದು ಬುಟ್ಟಿಯಲ್ಲಿ ಕಂದು, ಮತ್ತೊಂದರಲ್ಲಿ ಕಿತ್ತಳೆ. ಎಲ್ಲ ದೀಪ ಒಂದೇ ಜಾತಿಯದಿರಲಿ. ಫ್ಯಾನು ನಿಲ್ಲಿಸಿರಲಿ, ಗಾಜಿನ ಕಪಾಟು, ಕನ್ನಡಿಗಳಲ್ಲಿ ಕ್ಯಾಮರಾದವನೇ ಕಾಣಿಸಿಕೊಳ್ಳುತ್ತಾನಾದ್ದರಿಂದ ಅವನ್ನು ಮೊದಲೇ ತೋರಿಸಬೇಕು. ದಿನವೆಂದರೆ, ರೊಬಸ್ಟಾ ಬರತೊಡಗಿದ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ನಮ್ಮ ಅಭಿಪ್ರಾಯದಲ್ಲಿ ಉತ್ತಮ. ಆಷಾಢದಲ್ಲಿ ತೆಗೆಸಿದರೆ ಖಾಲಿ ಗೋದಾಮಿನ ಪಟ ವರ್ಷಗಟ್ಟಲೆ ಜನರ ಕಣ್ಣಿಗೆ ಬೀಳುತ್ತದೆ.

ಇನ್ನು ಮುಖ್ಯ ವಿಷಯ. ನಮ್ಮ ಗೋಡೆಯ ನೋಟೀಸ್ ಬೋರ್ಡಿನಲ್ಲಿ ಸದಸ್ಯರ ಹೆಸರು, ಮುಂಗಡ, ಬಾಕಿ, ಸುಸ್ತಿದಾರರ ಪಟ್ಟಿ ಇವೆ. ಮೇಜಿನ ಮೇಲೆ ಖಾತೆ ಪುಸ್ತಕ, ಚೆಕ್ಕು, ದೂರವಾಣಿ ಸಂಖ್ಯೆ ಬರೆದ ಚೀಟಿ. ಇಂದಿನ ಕ್ಯಾಮರಾದ ಪಟವನ್ನು ಹಿಗ್ಗಿಸಿದರೆ ಅಕ್ಷರ ಓದಲು ಬರುತ್ತದೆ. ಅರ್ಧ ಎಕರೆ ಅಡಿಕೆ ತೋಟದವನ ಸಾಲ ಎಷ್ಟೆಂಬುದು ಊರೂರಿಗೆ ತಿಳಿಯುವುದು ಯಾರಿಗೂ ಬೇಡ. ಮಗಳ ಸಂಬಂಧ ನೋಡಲು ಬಂದವರಿಗೂ ತಿಳಿದೀತು. ಮುಖ, ವಾಹನ ಸಂಖ್ಯೆಗಳನ್ನು ಮಸುಕುಗೊಳಿಸುವ ವ್ಯವಸ್ಥೆ ಇದೆಯೆಂದು ಗೋಡೆಯ ಪಟ್ಟಿಯೂ ತಾನಾಗಿ ಮಸುಕಾಗುತ್ತದೆಂದು ನಂಬಬಾರದು. ಆ ಹಲಗೆಯನ್ನು ಹಿಂದಿನ ದಿನವೇ ಇಳಿಸಿ, ಪುಸ್ತಕಗಳನ್ನು ಬೀರುವಿನಲ್ಲಿ ಬೀಗ ಹಾಕಿಡತಕ್ಕದ್ದು. ಗುಮಾಸ್ತರಾಗಲಿ ಹಮಾಲರಾಗಲಿ ಪಟದಲ್ಲಿ ಇರುವುದು ಅವರ ಒಪ್ಪಿಗೆಯಿಂದ ಮಾತ್ರ.

ಬಾಡಿಗೆಗೆ ಕುಂಡಗಳಲ್ಲಿ ಕಾಫಿ ಗಿಡ ತರಿಸಿ, ಹೊಸ ಸೋಫಾ ಹಾಕಿಸೋಣವೆಂಬ ಸಲಹೆಯೂ ಬಂದಿದೆ. ಬೇಡವೆನ್ನುತ್ತೇವೆ. ಸೋಫಾ ನೋಡಿ ಬಂದವನಿಗೆ ಮರದ ಬೆಂಚು ತೋರಿಸಿದರೆ, ‘ಎ’ ದರ್ಜೆಯೆಂದು ನಾವು ಹೇಳುವ ಬೀಜದ ಮೇಲೂ ಅವನಿಗೆ ಅನುಮಾನ ಹುಟ್ಟುವುದು ಸಹಜ. ಬೆಂಚಿಗೆ ಒಂದು ಕೈ ವಾರ್ನಿಷ್ ಹೊಡೆಸಿದರೆ ಸಾಕು.

ಗೂಗಲ್ ನಕ್ಷೆಯಲ್ಲಿ ಇಂಥ ಪಟ ಏರಿಸಲು ಗೂಗಲ್‌ಗೆ ಶುಲ್ಕ ಕೊಡಬೇಕಾಗಿಲ್ಲ. ಹಣ ಕೊಡುವುದು ಛಾಯಾಗ್ರಾಹಕನ ಕೆಲಸಕ್ಕೆ ಮಾತ್ರ. ತಿಂಗಳು ತಿಂಗಳು ಬಾಡಿಗೆ ಕೇಳುವವರನ್ನು ಅದೇತಕ್ಕೆಂದು ಬರಹದಲ್ಲಿ ಕೇಳಬೇಕು. ಮೂಲ ಪಟಗಳ ಪ್ರತಿ ಸಂಘಕ್ಕೆ ಸೇರಬೇಕು, ನಕ್ಷೆಯ ಮೇಲಿನ ಅಂಗಡಿಯ ಖಾತೆ ಸಂಘದ ಹೆಸರಿನಲ್ಲೇ ಇರಬೇಕು. ಹಾಗೆಯೇ ನಕ್ಷೆಯ ಗುರುತು ಸರಿಯಾದ ಬಾಗಿಲಿನ ಮೇಲಿದೆಯೇ ಎಂದು ನೋಡಬೇಕು. ಹೆಬ್ಬಾಳದ ಮೇಲ್ಸೇತುವೆ ಕಡೆಯಿಂದ ಬರುವವರು ಒಂದು ಸರ್ವಿಸ್ ರಸ್ತೆ ತಪ್ಪಿದರೆ ಎಷ್ಟು ಸುತ್ತಬೇಕೆಂಬುದು ಮಾಲು ತಂದ ಸದಸ್ಯರಿಗೆ ಗೊತ್ತೇ ಇದೆ.

ದರಪಟ್ಟಿಗಳು ಬಂದ ಮೇಲೆ ಮಂಡಳಿಯ ಸಭೆಯಲ್ಲಿ ಇಡುತ್ತೇವೆ. ಹೆಂಚಿನ ಕೆಲಸದ ಅಂದಾಜೂ ಅದೇ ಸಭೆಗೆ ಬರುತ್ತದೆ, ಹೇಗೂ ಸೂರು ಪಟದಲ್ಲಿ ಕಾಣುವಂಥದ್ದೇ. ತಮ್ಮ ಮಾದರಿ ಬುಟ್ಟಿಯಲ್ಲಿರಬೇಕೆಂದು ಬಯಸುವ ಸದಸ್ಯರು ಒಣಗಿಸಿದ ಎರಡು ಕಿಲೋ ಮಾಲನ್ನು, ತೋಟದ ಹೆಸರಿನ ಚೀಟಿಯೊಡನೆ, ಮುಂಚಿತವಾಗಿ ಮಳಿಗೆಗೆ ತಲುಪಿಸತಕ್ಕದ್ದು.